ದೊಡ್ಡ ಎಲ್‌ಇಡಿ ಓಕೆ, ಆದರೆ ನಡುವೆ ಟ್ರಾನ್ಸಿಸ್ಟರ್ ಇರಲಿ
ಗಾಡಿಯ ಮೀಟರ್ ಬಿಚ್ಚಿ, ಶಿಫ್ಟ್ ಲೈಟಿನ (ಗೇರ್ ಬದಲಿಸಿ ಎಂದು ಸೂಚಿಸುವ ದೀಪ) ಸಣ್ಣ ಎಲ್‌ಇಡಿ ತೆಗೆದು ಅಲ್ಲೇ ಹೆಚ್ಚು ಬೆಳಕಿನದ್ದು ಬೆಸುಗೆ ಹಾಕಿ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಐಡಿಯಾ ಇಷ್ಟವಾಯಿತು. ಮಧ್ಯಾಹ್ನದ ಬಿಸಿಲಲ್ಲಿ ಆ ಪುಟ್ಟ ದೀಪ ಕಾಣುವುದೇ ಕಷ್ಟ ಅಲ್ವಾ? ಆದರೆ ದಯವಿಟ್ಟು ನೇರವಾಗಿ ಜೋಡಿಸಬೇಡಿ. ಮೀಟರ್ ಬೋರ್ಡಿನ ಆ ಲೈನ್ ಕೆಲವೇ ಮಿಲಿಆಂಪ್‌ಗೆ ಅಂತ ಮಾಡಿರುತ್ತಾರೆ. ಜಾಸ್ತಿ ಎಳೆದರೆ ಇಡೀ ಮೀಟರ್ ಹೋಗಬಹುದು.

ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ದೀಪ ಹೊತ್ತುವಾಗ ಪ್ಲಸ್ ಬರುತ್ತಿದ್ದರೆ ಆ ಸಿಗ್ನಲ್ಲನ್ನು 4.7 ಕಿಲೋಓಮ್ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಭಾಗ) ಮೂಲಕ BC547 ಟ್ರಾನ್ಸಿಸ್ಟರಿನ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಭಾಗ) ಬೇಸ್‌ಗೆ, ಅಂದರೆ ನಿಯಂತ್ರಿಸುವ ಕಾಲಿಗೆ ಕೊಡಿ. ಎಲ್‌ಇಡಿಗೆ ಕರೆಂಟ್ ಇಗ್ನಿಷನ್ ಲೈನಿನಿಂದ ಬರಲಿ, ಚಿಕ್ಕ ಫ್ಯೂಸ್ ಸಮೇತ. ಪ್ಲಸ್ ಸದಾ ಇದ್ದು, ಮೀಟರ್ ಮೈನಸ್ ಕಡೆಯನ್ನು ಆನ್-ಆಫ್ ಮಾಡುತ್ತಿದ್ದರೆ ಈ ಸರ್ಕ್ಯೂಟ್ ಆಗುವುದಿಲ್ಲ.

ಎಲ್‌ಇಡಿಯ ರೆಸಿಸ್ಟರ್ ಲೆಕ್ಕ 12 ವೋಲ್ಟಿಗೆ ಹಾಕಬೇಡಿ. ಇಂಜಿನ್ ಓಡುವಾಗ 14.4ರ ಹತ್ತಿರ ಇರುತ್ತದೆ. 3.2 ವೋಲ್ಟಿನ ಬಿಳಿ ಎಲ್‌ಇಡಿಗೆ 20 ಮಿಲಿಆಂಪ್ ಬೇಕಾದರೆ 560 ಓಮ್, ಅರ್ಧ ವಾಟಿನ ರೆಸಿಸ್ಟರ್.

ಇನ್ನೊಂದು ಮಾತು, ರಾತ್ರಿ ಅದೇ ಬೆಳಕು ಕಣ್ಣು ಕುಕ್ಕುತ್ತದೆ. ಎಲ್‌ಇಡಿಯ ರೆಸಿಸ್ಟರಿನ ಸಾಲಿನಲ್ಲೇ 1 ಕಿಲೋಓಮ್ ರೆಸಿಸ್ಟರ್ ಇನ್ನೊಂದು ಸೇರಿಸಿ, ಅದರ ಎರಡು ತುದಿಗಳ ನಡುವೆ ಸಣ್ಣ ಸ್ವಿಚ್ ಇಟ್ಟರೆ ಹಗಲು-ರಾತ್ರಿ ಎರಡಕ್ಕೂ ಸರಿಹೋಗುತ್ತದೆ.