ಪರ–ವಿರೋಧ: ಸೇವೆ ಸರಿಯಿಲ್ಲದಾಗ ಮ್ಯಾನೇಜರನ್ನು ಕಾಣಬೇಕೆ?

ಪರ

ಕೌಂಟರಿನಲ್ಲಿ ಕುಳಿತವರಿಗೆ ಇಲ್ಲದ ಅಧಿಕಾರವನ್ನು ಅವರಿಂದಲೇ ಬಯಸುತ್ತ ನಿಂತರೆ ಗ್ರಾಹಕರ ಕೆಲಸವೂ ಆಗದು, ಅವರಿಗೂ ನೆಮ್ಮದಿಯಿರದು. ತೀರ್ಮಾನ ಯಾರ ಕೈಯಲ್ಲಿದೆಯೋ ಅವರನ್ನೇ ಕಾಣಬೇಕೆಂಬುದು ನನ್ನ ದೃಢವಾದ ನಂಬಿಕೆ.

74 ವರ್ಷದ ನನ್ನ ತಾಯಿ ಮಲ್ಲೇಶ್ವರದ ಎಟಿಎಂ ಒಂದರಲ್ಲಿ 5,000 ರೂಪಾಯಿ ತೆಗೆಯಲು ಹೋದಾಗ ನೋಟು ಬರಲಿಲ್ಲ, ಖಾತೆಯಿಂದ ಮಾತ್ರ ಹಣ ಕಡಿತವಾಯಿತು. ಮರುದಿನ ಶಾಖೆಗೆ ಹೋದರೆ, "ತಾನಾಗಿಯೇ ಬರುತ್ತೆ, ಕಾಯಿರಿ ಅಮ್ಮ" ಎಂದು ಕಳಿಸಿದರು. ಮತ್ತೆರಡು ಬಾರಿ ಹೋದಾಗಲೂ ಅದೇ ಉತ್ತರ. ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಅವರು ಜೋಪಾನವಾಗಿಟ್ಟಿದ್ದ ಎಟಿಎಂ ಚೀಟಿಯ ಅಕ್ಷರಗಳು ಅಷ್ಟರಲ್ಲಿ ಮಾಸತೊಡಗಿದ್ದವು. 12ನೆಯ ದಿನ ನಾನೇ ಜೊತೆಗೆ ಹೋಗಿ, ಮ್ಯಾನೇಜರನ್ನು ಕಾಣಬೇಕೆಂದು ಕೇಳಿದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿದರೆ, ದೂರು ದಾಖಲಾಗಿಯೇ ಇರಲಿಲ್ಲ! ಹತ್ತು ನಿಮಿಷದಲ್ಲಿ ದೂರಿನ ಸಂಖ್ಯೆ ಸಿಕ್ಕಿತು, 15ನೆಯ ದಿನ ಹಣ ಜಮೆಯಾಯಿತು. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ಇಂತಹ ಹಣವನ್ನು 5 ದಿನಗಳೊಳಗೆ ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಕೊಡಬೇಕು. ನಮಗೆ 1,000 ರೂಪಾಯಿ ಬಂತು. ಕೌಂಟರಿನಲ್ಲಿ ಈ ನಿಯಮದ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ.

ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕಾದರೂ ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು, ಅದು ತಿರಸ್ಕೃತವಾಗಿರಬೇಕು ಇಲ್ಲವೇ ಉತ್ತರ ಬಾರದೆ 30 ದಿನ ಕಳೆದಿರಬೇಕು. ಹೀಗಿರುವಾಗ ಮೊದಲ ಮೆಟ್ಟಿಲು ಹತ್ತುವುದನ್ನು ಜಗಳವೆನ್ನುವುದು ಹೇಗೆ? ಸಿಬ್ಬಂದಿಯ ಮನಸ್ಸು ನೋಯುತ್ತದೆ ಎನ್ನುವವರು, ವಯಸ್ಸಾದವರು ಮೂರು ಸಲ ಬಸ್ಸು ಹತ್ತಿಳಿದು ಬರಿಗೈಯಲ್ಲಿ ಮರಳಿದರೂ ಬಾಯಿ ಮುಚ್ಚಿಕೊಂಡಿರಬೇಕು ಎನ್ನುತ್ತಿದ್ದಾರೆ.

ವಿರೋಧ

ಈ ಪಕ್ಷವನ್ನು ವಹಿಸಿಕೊಳ್ಳುವಂತೆ ನನ್ನನ್ನು ಕೇಳಿದ್ದಾರೆ. ಪೂರ್ತಿ ಒಪ್ಪುತ್ತೇನೆಂದು ಹೇಳಲಾರೆ. ಬ್ಯಾಂಕಿನ ಹಣದ ಮಾತು ಬೇರೆ, ಅದನ್ನು ಬದಿಗಿಡುತ್ತೇನೆ. ಆದರೆ ದರ್ಶಿನಿಯಲ್ಲಿ ಕಾಫಿ ಆರಿದೆಯೆಂದು, ಬಿಲ್ ಹಾಕಲು ತಡವಾಯಿತೆಂದು ಮ್ಯಾನೇಜರನ್ನು ಕರೆಸುವುದು ಬೆಂಗಳೂರಿನಲ್ಲಿ ಅಭ್ಯಾಸವಾಗಿಬಿಟ್ಟಿದೆ.

ನನ್ನ ಅಣ್ಣನ ಮಗಳು ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಫಾಲ್ ಹಾಕಿಸಿದ ಸೀರೆಯನ್ನು ಹಿಂದಕ್ಕೆ ಪಡೆಯಬಾರದೆಂಬ ನಿಯಮ ಮಾಡಿದವರು ಮ್ಯಾನೇಜರೇ, ಅದು ಬಿಲ್ಲಿನ ಹಿಂಬದಿಯಲ್ಲಿ ಅಚ್ಚಾಗಿಯೂ ಇದೆ. ದೀಪಾವಳಿಗೆ ಮುಂಚಿನ ವಾರ ಅಂತಹ ಸೀರೆ ತಂದ ಗ್ರಾಹಕರೊಬ್ಬರಿಗೆ ಅವಳು ಆ ಸಾಲನ್ನು ತೋರಿಸಿದಾಗ, ಅವರು ಮ್ಯಾನೇಜರನ್ನು ಕರೆಸಿದರು. ಮ್ಯಾನೇಜರು ನಗುನಗುತ್ತ ಬೇರೆ ಸೀರೆ ಕೊಟ್ಟು ಕಳಿಸಿ, ರಾತ್ರಿ ಶಟರ್ ಎಳೆದ ಮೇಲೆ ಎಲ್ಲರೆದುರು ಅವಳನ್ನು ಗದರಿಸಿದರು.

ನಿಜವಾದ ಸೇವಾಲೋಪಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಅಲ್ಲಿ ಉತ್ತರ ಕೊಡಬೇಕಾದದ್ದು ಅಂಗಡಿಯೇ ಹೊರತು ಕೌಂಟರಿನ ಹುಡುಗಿಯಲ್ಲ.

ಈಗ ಫಾಲ್ ಹಾಕಿಸಿದ ಸೀರೆ ಬಂದರೆ ಅವಳು ನಿಯಮದ ಮಾತೆತ್ತದೆ ತಾನೇ ಮ್ಯಾನೇಜರನ್ನು ಕರೆಯುತ್ತಾಳೆ. ಸಣ್ಣಪುಟ್ಟದ್ದಕ್ಕೂ ಕರೆಯುತ್ತಾಳೆಂದು ಅದಕ್ಕೂ ಬೈಸಿಕೊಳ್ಳುತ್ತಾಳೆ.