ಹೊಸ ವಿಂಡೋಸ್ ಬಗ್ಗೆ ಮಂಡಿಪೇಟೆಯ ಗೊಣಗಾಟ ಸುಳ್ಳಲ್ಲ

ದಾವಣಗೆರೆಯ ಮಂಡಿಪೇಟೆ, ಅಶೋಕ ರಸ್ತೆ, ಎಪಿಎಂಸಿಯ ದಲ್ಲಾಳಿ ಅಂಗಡಿಗಳು, ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಟೈಪಿಂಗ್ ಅಂಗಡಿಗಳು. ಎಲ್ಲೆಲ್ಲಿ ವಿಂಡೋಸ್ 10 ತೆಗೆದು 11 ಹಾಕಿಸಿದ್ದಾರೋ ಅಲ್ಲೆಲ್ಲ ಒಂದೇ ಬಗೆಯ ಮಾತು. "ಡೆಸ್ಕ್‌ಟಾಪ್‌ನಾಗಿದ್ದ ಫೈಲು ಎಲ್ಲಿ ಹೋತಣ್ಣ?" "ಕಾಪಿ ಅನ್ನೋದೇ ಕಾಣವಲ್ದು." "ಬಿಲ್ ಪಟ್ಟಿ ಹೊಡೆದ್ರೆ ಲೇಸರ್‌ನಾಗೆ ಹೋಗಿ ಬೀಳ್ತೈತಿ." ಇದಕ್ಕೆಲ್ಲ ಕಂಪ್ಯೂಟರ್ ಬಲ್ಲವರು ಕೊಡುವ ಉತ್ತರವೂ ಒಂದೇ: ಹೊಸದಲ್ವಾ, ನಾಲ್ಕು ದಿನ ಬಳಸಿ, ರೂಢಿ ಆಗುತ್ತೆ.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಸ್ಟಾರ್ಟ್ ಬಟನ್ ನಡುವೆ ಬಂದು ಕೂತದ್ದು ರೂಢಿಯ ಮಾತು, ಸರಿ. ಆದರೆ ಫೈಲು ಇದ್ದ ಜಾಗ ಬದಲಾದದ್ದು, ಡಿಸ್ಕಿನ ಬೀಗದ ಕೀ ಬೇರೆಯವರ ಹೆಸರಲ್ಲಿ ಉಳಿದದ್ದು, ಪಕ್ಕದ ಮಷಿನ್ನಿನ ಫೋಲ್ಡರ್ ತೆರೆಯದೇ ಇದ್ದದ್ದು ರೂಢಿಯಿಂದ ಸರಿಹೋಗುವಂಥವಲ್ಲ. ಹೊಸ ವಿಂಡೋಸ್ ಹಾಕಿಕೊಟ್ಟವರೇ ಅರ್ಧ ಗಂಟೆ ಕೂತು ಸರಿಮಾಡಿ ಕೊಡಬೇಕಾದ ಕೆಲಸ ಇದು. ಅದನ್ನು ಬಿಟ್ಟು ಕೆಲಸಗಾರರಿಗೆ ಕಲಿಯುವ ಮನಸ್ಸಿಲ್ಲ ಅನ್ನುವುದು ಅನ್ಯಾಯ. ದಿನಕ್ಕೆ ನೂರಾರು ಸಲ ಅದೇ ಕೆಲಸ ಮಾಡುವ ಕೈಗೆ ಎಲ್ಲಿ ಎಡವುತ್ತಿದೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಟಾಸ್ಕ್‌ಬಾರ್ ಎಡಕ್ಕೆ ಬೇಕಾದರೆ ಅದರ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್‌ಗೆ ಹೋಗಿ ಅಲೈನ್‌ಮೆಂಟ್ ಲೆಫ್ಟ್ ಮಾಡಿ. ತೆರೆದ ಫೈಲುಗಳೆಲ್ಲ ಒಂದೇ ಗುರುತಿನ ಅಡಿ ಸೇರಿಕೊಂಡು ಹೆಸರು ಕಾಣದಿದ್ದರೆ, ಅಲ್ಲೇ ಕಂಬೈನ್ ಅನ್ನುವ ಸಾಲನ್ನು ನೆವರ್ ಮಾಡಿ. ರೈಟ್ ಕ್ಲಿಕ್ಕಿನಲ್ಲಿ ಹಳೆಯ ಉದ್ದ ಮೆನು ಬೇಕೆಂದರೆ ಶಿಫ್ಟ್ ಒತ್ತಿಹಿಡಿದು ರೈಟ್ ಕ್ಲಿಕ್ ಮಾಡಿ. ಕಟ್, ಕಾಪಿ, ರೀನೇಮ್ ಹೊಸ ಮೆನುವಿನಲ್ಲೂ ಇವೆ, ಬರೀ ಚಿತ್ರಗಳಾಗಿ ಒಂದು ಸಾಲಿನಲ್ಲಿ ಕೂತಿವೆ. 2024ರ ಎರಡನೇ ಅರ್ಧದ ದೊಡ್ಡ ಅಪ್‌ಡೇಟ್ ಆದ 24ಎಚ್2 ಆವೃತ್ತಿಯಲ್ಲಿ ಅವುಗಳ ಕೆಳಗೆ ಹೆಸರನ್ನೂ ಬರೆದರು.

ಆ ಹೆಸರು ತಾನಾಗಿ ಬರಲಿಲ್ಲ, ಜನ ಕೂಗಿದ್ದಕ್ಕೆ ಬಂತು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ತೆಗೆದರು. ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುವೂ ಬಂತು. 2021ರ ಅಕ್ಟೋಬರ್‌ನಲ್ಲಿ 11 ಬಂದಾಗ ಫೈಲನ್ನು ಎಳೆದು ಟಾಸ್ಕ್‌ಬಾರ್ ಮೇಲಿನ ಪ್ರೋಗ್ರಾಮಿಗೆ ಬಿಡುವ ಸೌಲಭ್ಯ ಹೋಗಿತ್ತು, 22ಎಚ್2ರಲ್ಲಿ ಮರಳಿತು. ತೆರೆದ ಫೈಲುಗಳ ಹೆಸರು ಬಿಡಿಬಿಡಿಯಾಗಿ ಕಾಣುವ ವ್ಯವಸ್ಥೆಗೆ 23ಎಚ್2ವರೆಗೆ ಕಾಯಬೇಕಾಯಿತು. 2024ರ ಮೇ ತಿಂಗಳಲ್ಲಿ ತೆರೆಯ ಮೇಲೆ ಆಗುವುದನ್ನೆಲ್ಲ ಚಿತ್ರ ತೆಗೆದಿಡುವ ರೀಕಾಲ್ ಘೋಷಣೆ ಆದಾಗ ಎದ್ದ ವಿರೋಧಕ್ಕೆ ಮಣಿದು, ಬೇಕೆಂದವರು ಮಾತ್ರ ಹಾಕಿಕೊಳ್ಳುವಂತೆ ಬದಲಿಸಿದರು. ಹಾಗಾಗಿ ಗೊಣಗಿ ಪ್ರಯೋಜನ ಇಲ್ಲ ಅನ್ನಬೇಡಿ. ವಿಂಡೋಸ್ ಕೀ ಜೊತೆ ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಏನು ಒತ್ತಿದಾಗ ಏನಾಯಿತು ಅಂತ ಖಚಿತವಾಗಿ ಬರೆಯಿರಿ.

ಈಗ ದೊಡ್ಡವು. ಡೆಸ್ಕ್‌ಟಾಪ್ ಫೈಲುಗಳು ಕಾಣೆಯಾಗುವುದಕ್ಕೆ ಬಹುಪಾಲು ಮೈಕ್ರೋಸಾಫ್ಟ್ ಸರ್ವರಿನಲ್ಲಿ ಫೈಲು ಇಡುವ ಒನ್‌ಡ್ರೈವ್ ಕಾರಣ. ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟು ವಿಂಡೋಸ್ ಶುರುಮಾಡಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಬ್ಯಾಕಪ್ ಹೆಸರಿನಲ್ಲಿ ಒನ್‌ಡ್ರೈವ್ ಫೋಲ್ಡರಿನ ಒಳಗೆ ಸರಿದುಬಿಡಬಹುದು. ತೆರೆಯ ಮೇಲೆ ಕಾಣುವುದು ಅದೇ ಡೆಸ್ಕ್‌ಟಾಪ್, ಡಿಸ್ಕಿನಲ್ಲಿ ಇರುವ ಜಾಗ ಬೇರೆ. ಪುಕ್ಕಟೆ ಜಾಗ 5 ಜಿಬಿ ಮಾತ್ರ. ಸ್ಕ್ಯಾನ್ ಮಾಡಿದ ಕ್ರಯಪತ್ರ, ಪಹಣಿ, ಆಧಾರ್ ಪ್ರತಿಗಳಿಗೆ ಅದು ಬೇಗ ತುಂಬಿ, ಹಣ ಕಟ್ಟಿ ಅನ್ನುವ ಸೂಚನೆ ಶುರುವಾಗುತ್ತದೆ. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಅದು ಮಷಿನ್ನಿನಲ್ಲಿ ಇಲ್ಲ, ನೆಟ್ ಇದ್ದರೆ ಮಾತ್ರ ತೆರೆಯುತ್ತದೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಕೆಲಸ ನಡೆಯುತ್ತಿದ್ದು ರೂಟರ್ ಆಫ್ ಆಗಿದ್ದರೆ, ಎದುರಿಗೆ ಕೂತ ಕಕ್ಷಿದಾರನ ಪತ್ರ ತೆರೆಯುವುದಿಲ್ಲ.

ನಿಲ್ಲಿಸುವ ಕ್ರಮ ಇದು: ಬಲಮೂಲೆಯ ಮೋಡದ ಗುರುತು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಸಿಂಕ್ ಅಂಡ್ ಬ್ಯಾಕಪ್, ಮ್ಯಾನೇಜ್ ಬ್ಯಾಕಪ್‌ನಲ್ಲಿ ಮೂರನ್ನೂ ಆಫ್ ಮಾಡಿ. ಗಾಬರಿ ಆಗುವುದು ಇಲ್ಲೇ. ಆಫ್ ಮಾಡಿದಾಗ ಡೆಸ್ಕ್‌ಟಾಪ್ ಖಾಲಿಯಾಗಿ ಕಾಣಬಹುದು. ಫೈಲು ಅಳಿದಿಲ್ಲ, ಒನ್‌ಡ್ರೈವ್ ಫೋಲ್ಡರಿನ ಒಳಗಿನ ಡೆಸ್ಕ್‌ಟಾಪ್ ಫೋಲ್ಡರಿನಲ್ಲೇ ಇದೆ. ಮೊದಲು ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಕೊಡಿ, ಎಲ್ಲಕ್ಕೂ ಹಸಿರು ಗುರುತು ಬರುವತನಕ ಕಾಯಿರಿ, ಆಮೇಲೆ ಕಾಪಿ ಮಾಡಿ. ಕಾಪಿ ಆಗುವ ಮೊದಲೇ ಜಾಗ ಖಾಲಿ ಮಾಡೋಣ ಅಂತ ಅಲ್ಲಿಂದ ಅಳಿಸಿದರೆ ಮೋಡದಲ್ಲೂ (ಮೈಕ್ರೋಸಾಫ್ಟ್ ಸರ್ವರಿನಲ್ಲೂ) ಅಳಿಯುತ್ತದೆ. ಹಾಗೆ ಅಳಿದುಹೋಗಿದ್ದರೆ ಒನ್‌ಡ್ರೈವ್ ಜಾಲತಾಣದ ರೀಸೈಕಲ್ ಬಿನ್ನಿನಲ್ಲಿ 30 ದಿನದೊಳಗೆ ಹುಡುಕಬೇಕು.

ಇದಕ್ಕಿಂತ ನನಗೆ ಹೆಚ್ಚು ಆತಂಕ ಕೊಡುವುದು ಡಿಸ್ಕಿನ ಬೀಗ. 24ಎಚ್2ವನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಹೊಕ್ಕರೆ, ಹೋಮ್ ಆವೃತ್ತಿಯಲ್ಲೂ ಕೀ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ಡಿವೈಸ್ ಎನ್‌ಕ್ರಿಪ್ಶನ್ ತನ್ನಷ್ಟಕ್ಕೆ ಆನ್ ಆಗಬಹುದು. ಅದರ 48 ಅಂಕಿಯ ರಿಕವರಿ ಕೀ ಆ ಅಕೌಂಟಿನಲ್ಲಿ ಉಳಿಯುತ್ತದೆ. ಅವಸರಕ್ಕೆ ಹಾಕಿಕೊಟ್ಟ ಹುಡುಗ ತನ್ನದೇ ಇಮೇಲ್ ಕೊಟ್ಟಿದ್ದರೆ ನಿಮ್ಮ ಡಿಸ್ಕಿನ ಕೀ ಅವನ ಅಕೌಂಟಿನಲ್ಲಿರುತ್ತದೆ. ಮುಂದೊಂದು ದಿನ ಬಯಾಸ್ (ಮಷಿನ್ ಶುರುಮಾಡುವ ಮೂಲ ಪ್ರೋಗ್ರಾಮು) ಬದಲಾದಾಗ ಅಥವಾ ಮದರ್‌ಬೋರ್ಡ್ ಸುಟ್ಟು ಬೇರೆ ಹಾಕಿದಾಗ ನೀಲಿ ತೆರೆ ಬಂದು ಕೀ ಕೇಳುತ್ತದೆ. ಮೊದಲು ಮಷಿನ್ ಕೆಟ್ಟರೆ ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದರಲ್ಲಿ ಓದುತ್ತಿದ್ದೆವು. ಬೀಗ ಬಿದ್ದ ಡಿಸ್ಕಿಗೆ ಆ ದಾರಿ ಇಲ್ಲ, ಕೀ ಇಲ್ಲದಿದ್ದರೆ ಒಳಗಿನದ್ದು ಯಾರಿಗೂ ಸಿಗುವುದಿಲ್ಲ. ಇವತ್ತೇ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ ಕೀಯನ್ನು ಪ್ರಿಂಟ್ ತೆಗೆದು ಖಾತೆ ಪುಸ್ತಕಗಳ ಜೊತೆ ಬೀರುವಿನಲ್ಲಿಡಿ. ಕೀ ಕಾಗದ ಕೈಗೆ ಕೊಡದೆ ಸರ್ವಿಸ್ ಬಿಲ್ ಮಾಡುವುದು ಸರಿಯಲ್ಲ ಅಂತ ನಮ್ಮೂರಿನ ಸರ್ವಿಸ್ ಅಂಗಡಿಯವರಿಗೆ ನೇರವಾಗಿ ಹೇಳುತ್ತೇನೆ.

ಪ್ರಿಂಟರ್ ವಿಷಯಕ್ಕೆ ಬಂದರೆ ಎಪಿಎಂಸಿಯಲ್ಲಿ ರಿಬ್ಬನ್ ಮೇಲೆ ಸೂಜಿ ಹೊಡೆದು ಅಚ್ಚು ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಇನ್ನೂ ಬೇಕು. ಕಾರ್ಬನ್ ಪ್ರತಿ ಸಮೇತ ಮೆಕ್ಕೆಜೋಳದ ಪಟ್ಟಿ ಹೊಡೆಯಲು ಬೇರೆ ಯಾವುದೂ ಅಷ್ಟು ಅಗ್ಗವಲ್ಲ. ಪಟ್ಟಿ ಲೇಸರಿಗೆ ಹೋಗುವುದಕ್ಕೆ ಕಾರಣ, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿರುವ "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್". ಇದು ಆನ್ ಇದ್ದರೆ ಕೊನೆಯ ಸಲ ಬಳಸಿದ್ದೇ ಡಿಫಾಲ್ಟ್ ಆಗುತ್ತದೆ. ಆಫ್ ಮಾಡಿ, ಡಾಟ್ ಮ್ಯಾಟ್ರಿಕ್ಸನ್ನು ನೀವೇ ಡಿಫಾಲ್ಟ್ ಮಾಡಿ.

ಇನ್ನೊಂದು ಕಾಗದದ ಅಳತೆ. ಹೊಸದಾಗಿ ಡ್ರೈವರ್ ಹಾಕಿದಾಗ ಅಳತೆ ಎ4 ಆಗಿ ಕೂರುತ್ತದೆ. ಎ4 ಉದ್ದ 11.69 ಇಂಚು, ನಿಮ್ಮ ರಂಧ್ರದ ಕಾಗದ 12 ಇಂಚು. ಒಂದೊಂದು ಹಾಳೆಗೂ 0.31 ಇಂಚು ಕಡಿಮೆ ಸರಿದು, ಹತ್ತನೇ ಹಾಳೆಯ ಹೊತ್ತಿಗೆ ಹರಿಯುವ ಗೆರೆ ಮೂರು ಇಂಚು ತಪ್ಪಿರುತ್ತದೆ, ಒಟ್ಟು ಮೊತ್ತದ ಸಾಲು ಗೆರೆಯ ಮೇಲೇ ಬೀಳುತ್ತದೆ. ಜನ ಕಾಗದ ಎಳೆಯುವ ಟ್ರ್ಯಾಕ್ಟರ್ ಹಲ್ಲು ಸವೆದಿದೆ ಅಂತ ಪ್ರಿಂಟರ್ ಬಿಚ್ಚಿಸುತ್ತಾರೆ. ಬಿಚ್ಚುವ ಮೊದಲು ಅದೇ ಪುಟದ ಕೆಳಗಿರುವ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆದು, "ಕ್ರಿಯೇಟ್ ಎ ನ್ಯೂ ಫಾರ್ಮ್" ಗುರುತು ಹಾಕಿ, ಅಗಲ 10 ಉದ್ದ 12 ಇಂಚು (ಅರ್ಧ ಹಾಳೆಯಾದರೆ 10, 6) ಅಂತ ಒಂದು ಹೆಸರಿನಲ್ಲಿ ಉಳಿಸಿ. ಆಮೇಲೆ ಪ್ರಿಂಟರಿನ ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲೂ ಬಿಲ್ಲಿಂಗ್ ಪ್ರೋಗ್ರಾಮಿನಲ್ಲೂ ಅದೇ ಫಾರ್ಮ್ ಆರಿಸಿ. ಎರಡರಲ್ಲಿ ಒಂದು ಕಡೆ ಬಿಟ್ಟರೂ ಮತ್ತೆ ಜಾರುತ್ತದೆ.

ಮದುವೆ ಕಾರ್ಡ್, ಕರಪತ್ರ ಮಾಡುವ ಡಿಟಿಪಿ ಅಂಗಡಿಗಳ ಗೋಳು ಬೇರೆ, ಅದು ಕನ್ನಡ ಅಕ್ಷರದ್ದು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಫಾಂಟ್ ಹಾಕಿದ್ದೇವೆ, ವರ್ಡ್‌ನಲ್ಲಿ ಕಾಣುತ್ತದೆ, ಪೇಜ್‌ಮೇಕರ್‌ನಲ್ಲಿ ಕಾಣುವುದಿಲ್ಲ, ಹಳೆ ಫೈಲೆಲ್ಲ ಟೋಪಿ ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ ಅನ್ನುತ್ತಾರೆ. ವಿಂಡೋಸ್ 10ರ 1809 ಆವೃತ್ತಿಯಿಂದ (2018) ಬರೀ ಇನ್‌ಸ್ಟಾಲ್ ಒತ್ತಿದರೆ ಫಾಂಟು ಆ ಒಬ್ಬ ಬಳಕೆದಾರನ ಫೋಲ್ಡರಿಗೆ ಹೋಗುತ್ತದೆ, ವಿಂಡೋಸಿನ ಸಾಮಾನ್ಯ ಫಾಂಟ್ಸ್ ಫೋಲ್ಡರಿಗೆ ಹೋಗುವುದಿಲ್ಲ. ಅದಕ್ಕಿಂತ ಹಳೆಯ ಕೆಲವು ಪ್ರೋಗ್ರಾಮುಗಳು ಬಳಕೆದಾರನ ಫೋಲ್ಡರಿನಲ್ಲಿ ಹುಡುಕುವುದೇ ಇಲ್ಲ. ಹಾಕಿದ್ದನ್ನು ತೆಗೆದು, ಎಲ್ಲ ಫಾಂಟು ಒಟ್ಟಿಗೆ ಆರಿಸಿ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ.

ನುಡಿ ಒಂದು ಪ್ರೋಗ್ರಾಮಿನಲ್ಲಿ ಟೈಪ್ ಆಗಿ ಇನ್ನೊಂದರಲ್ಲಿ ಇಂಗ್ಲಿಷ್ ಮೂಡುತ್ತಿದ್ದರೆ, ಆ ಇನ್ನೊಂದನ್ನು ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆದಿದ್ದೀರಾ ನೋಡಿ. ಸಾಮಾನ್ಯ ಹಕ್ಕಿನಲ್ಲಿ ಓಡುವ ಪ್ರೋಗ್ರಾಮು ಅಡ್ಮಿನ್ ಹಕ್ಕಿನ ಕಿಟಕಿಗೆ ಕೀ ಕಳಿಸಲು ವಿಂಡೋಸ್ ಬಿಡುವುದಿಲ್ಲ. ಎರಡನ್ನೂ ಒಂದೇ ಹಕ್ಕಿನಲ್ಲಿ ತೆರೆಯಬೇಕು. ಕನ್ನಡ ಇಂಗ್ಲಿಷ್ ಬದಲಿಸುವ ಸ್ಕ್ರೋಲ್ ಲಾಕ್ ಕೀ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಯುಎಸ್‌ಬಿ ಕೀಬೋರ್ಡ್ ಹಾಕಿ, ಇಲ್ಲವೇ ರನ್‌ನಲ್ಲಿ ಓ ಎಸ್ ಕೆ ಅಂತ ಕೊಟ್ಟು ತೆರೆಯ ಮೇಲಿನ ಕೀಬೋರ್ಡಿನಲ್ಲಿ ಒತ್ತಿ. ಇನ್ನು ಯೂನಿಕೋಡ್‌ನಲ್ಲಿ ತುಂಗಾ ಫಾಂಟ್ ಬಳಸಿದ ಹಳೆ ಪತ್ರ ತೆರೆದಾಗ ಸಾಲು ಕೆಳಗಿಳಿದು ಎರಡು ಪುಟ ಮೂರಾಗಿದ್ದರೆ, ತುಂಗಾ ಇಲ್ಲದೆ ವಿಂಡೋಸ್ ನಿರ್ಮಲಾ ಯುಐ ಹಾಕಿದೆ ಅಂತ ಅರ್ಥ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ತುಂಗಾ ಮರಳುತ್ತದೆ, ಪುಟವೂ ಸರಿಹೋಗುತ್ತದೆ.

ಪಕ್ಕದ ಮಷಿನ್ನಿನ ಶೇರ್ ಫೋಲ್ಡರ್ ತೆರೆಯದಿರುವುದು, ಜೆರಾಕ್ಸ್ ಮಷಿನ್ನಿನ ಸ್ಕ್ಯಾನ್ ಫೋಲ್ಡರಿಗೆ ಬಾರದಿರುವುದು ಎರಡಕ್ಕೂ 24ಎಚ್2 ಪ್ರೊ ಆವೃತ್ತಿಯ ಬಿಗಿಯೇ ಬಹುಪಾಲು ಕಾರಣ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್, ಮಷಿನ್ನುಗಳ ನಡುವೆ ಫೈಲು ಹಂಚುವ, ಡಿಜಿಟಲ್ ಸಹಿ ಇಲ್ಲದ ಎಸ್‌ಎಂಬಿ ಸಂಪರ್ಕವೂ ಬಂದ್. ಫೋಲ್ಡರ್ ಇರುವ ಮಷಿನ್ನಿನಲ್ಲಿ ಇದಕ್ಕೆಂದೇ ಒಂದು ಲೋಕಲ್ ಯೂಸರ್ ಮಾಡಿ, ಪಾಸ್‌ವರ್ಡ್ ಇಟ್ಟು, ಶೇರ್ ಅನುಮತಿ ಕೊಡಿ. ಆ ಹೆಸರು, ಪಾಸ್‌ವರ್ಡನ್ನು ಇನ್ನೊಂದು ಮಷಿನ್ನಿನಲ್ಲೂ ಜೆರಾಕ್ಸ್ ಮಷಿನ್ನಿನ ಅಡ್ರೆಸ್ ಬುಕ್ಕಿನಲ್ಲೂ ತುಂಬಿ. ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಎಷ್ಟೋ ಜನ ಅದನ್ನೇ ಹೊಡೆದು ಸೋಲುತ್ತಾರೆ. ಎಸ್‌ಎಂಬಿ 1 (ಅದರ ಹಳೆಯ ಆವೃತ್ತಿ) ಆನ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದರ ಬಿರುಕಿನಲ್ಲೇ. ಈ ಒಂದು ಬದಲಾವಣೆಯಲ್ಲಿ ನಾನು ಮೈಕ್ರೋಸಾಫ್ಟ್ ಕಡೆ.

ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕದ ಪ್ರೋಗ್ರಾಮು ಇಟ್ಟುಕೊಂಡವರು ಮಾತ್ರ ಹಳೆ ಮಷಿನ್ ಕೊಡುವ ಮೊದಲು ನಿಲ್ಲಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಮು ಓಡಿಸುವ ಭಾಗ ಇದ್ದದ್ದು 32 ಬಿಟ್ಟಿನಲ್ಲಿ ಮಾತ್ರ. ಸೆಟ್ಟಿಂಗ್ ಬದಲಿಸಿ ಇದನ್ನು ಸರಿಮಾಡಲು ಆಗದು. ಡಾಸ್‌ಬಾಕ್ಸ್ ಹಳೆ ಡಾಸ್ ಪ್ರೋಗ್ರಾಮು ಓಡಿಸುತ್ತದೆ, ಆದರೆ ಆಟಗಳಿಗಾಗಿ ಮಾಡಿದ್ದು, ಪ್ರಿಂಟ್ ತೆಗೆಯಲು ಬಾರದು. ವಿಡಾಸ್ ಅಥವಾ ಡಾಸ್‌ಬಾಕ್ಸ್ ಎಕ್ಸ್ ನೋಡಿ. ಹೇಗೂ ಲೆಕ್ಕದ ಮಾಹಿತಿ ಇರುವ ಡಿಬಿಎಫ್ ಫೈಲುಗಳ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ಪರೀಕ್ಷಿಸಿ. ಮೂಲವನ್ನು ಅಲ್ಲಿ ತಿದ್ದಬೇಡಿ, ಇಂಡೆಕ್ಸ್ ಹೊಂದಾಣಿಕೆ ತಪ್ಪಿ ರೈತರ ಬಾಕಿ ಅದಲುಬದಲಾಗುತ್ತದೆ. ವಿಷುಯಲ್ ಫಾಕ್ಸ್‌ಪ್ರೊದಲ್ಲಿ ಬರೆದದ್ದಾದರೆ ಈ ತೊಂದರೆ ಇಲ್ಲ, ಅದು 32 ಬಿಟ್ಟಿನದು, 11ರಲ್ಲೂ ಓಡುತ್ತದೆ.

"ನಿಮ್ಮ ಮಷಿನ್‌ಗೆ 11 ಬರಲ್ಲ" ಅಂತ ಕೇಳಿ ಹೊಸದು ಕೊಳ್ಳಲು ಹೊರಟವರು ಮೊದಲು ಪ್ರೊಸೆಸರ್ ನೋಡಿ. ಇಂಟೆಲ್ 8ನೇ ತಲೆಮಾರು ಅಥವಾ ರೈಜನ್ 2000 ಸರಣಿ ಇದ್ದೂ ಬರುತ್ತಿಲ್ಲ ಅಂದರೆ ಬಯಾಸ್‌ನಲ್ಲಿ ಟಿಪಿಎಂ ಅನ್ನುವ ಭದ್ರತಾ ಭಾಗ ಆಫ್ ಇರಬಹುದು. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿರುತ್ತದೆ. ಹಳೆಯ ಬಯಾಸ್ ಪದ್ಧತಿಯ ಲೆಗಸಿ ಮೋಡಿನಲ್ಲಿ ವಿಂಡೋಸ್ ಹಾಕಿದ್ದರೆ ಡಿಸ್ಕನ್ನು ವಿಭಾಗ ಬರೆದಿಡುವ ಹಳೆಯ ಕ್ರಮ ಎಂಬಿಆರ್‌ನಿಂದ ಹೊಸ ಕ್ರಮ ಜಿಪಿಟಿಗೆ ಬದಲಿಸಬೇಕು. ಅದಕ್ಕೆ ವಿಂಡೋಸಿನಲ್ಲೇ ಸಾಧನ ಇದೆ, ಡೇಟಾ ಉಳಿಯುತ್ತದೆ, ಆದರೂ ಬ್ಯಾಕಪ್ ಇಲ್ಲದೆ ಮುಟ್ಟಬೇಡಿ. ನಿಜಕ್ಕೂ ಹಳೆಯ ಮಷಿನ್ ಆಗಿದ್ದರೆ, ವಿಂಡೋಸ್ 10ರ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆಬಳಕೆಯ ಮಷಿನ್ನಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಇದೆ. ಅದಕ್ಕೆ 22ಎಚ್2 ಆವೃತ್ತಿಯೂ ಮೈಕ್ರೋಸಾಫ್ಟ್ ಅಕೌಂಟೂ ಇರಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಸಿಂಕ್ ಮಾಡಿದರೆ ಹಣ ಕೊಡಬೇಕಾಗಿಲ್ಲ, ಒಲ್ಲದವರು 30 ಡಾಲರ್ ಕಟ್ಟಬಹುದು. ಡೊಮೇನ್‌ಗೆ (ಕೇಂದ್ರ ಸರ್ವರಿನ ಜಾಲಕ್ಕೆ) ಸೇರಿಸಿದ ಆಫೀಸ್ ಮಷಿನ್‌ಗೆ ಇದು ಅನ್ವಯಿಸದು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ "ಎನ್‌ರೋಲ್ ನೌ" ಕಾಣುತ್ತದಾ ನೋಡಿ, ಕಂಡರೆ ಅಲ್ಲಿಂದಲೇ ಸೇರಿಕೊಳ್ಳಬಹುದು.