11 ತಿಂಗಳ ಕರಾರು, 8 ವರ್ಷದ ಕಿತ್ತಳೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಯಾರೂ ಕಿತ್ತಳೆ ಬೀಜ ಉಗಿಯುವುದಿಲ್ಲ. ನಾಲಿಗೆಯ ಮೇಲಿಂದ ಮೆಲ್ಲಗೆ ತೆಗೆದು, ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಮೇಲೆ ತಾರೀಖು ಬರೆದು ಫ್ರಿಜ್ಜಿನ ನೆತ್ತಿಯ ಮೇಲೆ ಇಡುತ್ತಾರೆ. ಆಮೇಲೆ ಆ ಮೂಲೆಗೆ ಬಾಣಂತಿ ಕೋಣೆಯ ಮರ್ಯಾದೆ. ಮಕ್ಕಳು ಅಲ್ಲಿ ಚೆಂಡಾಡುವಂತಿಲ್ಲ. ಗಂಡಸರು ಐಸ್ ತೆಗೆಯುವ ನೆಪದಲ್ಲಿ ಬಾಗಿಲು ಧಡ್ ಅಂತ ಹಾಕುವಂತಿಲ್ಲ.

ಇದಕ್ಕೆಲ್ಲ ಮೂಲ ಒಂದು ರೀಲು. 40 ಸೆಕೆಂಡಿನದು. ಒಬ್ಬರು ಕಿತ್ತಳೆಯನ್ನು ಅಡ್ಡಕ್ಕೆ ಕೊಯ್ದು, ಹೋಳನ್ನು ಹಾಗೇ ಮಣ್ಣಿನಲ್ಲಿ ಕೂರಿಸಿ, ಮೇಲೆ ಚಕ್ಕೆ ಪುಡಿ ಉದುರಿಸುತ್ತಾರೆ. ಯಾಕೆ ಅಂತ ಕೇಳಬೇಡಿ, ಪಾಯಸಕ್ಕೇ ನಾವು ಅಷ್ಟು ಹಾಕುವುದಿಲ್ಲ. '90 ದಿನ' ಅಂತ ಅಕ್ಷರ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೊಣಕಾಲುದ್ದದ ಗಿಡ, ಗಿಡದ ತುಂಬಾ ಹಣ್ಣು. ಒಂದು ಹಣ್ಣಿನ ಮೇಲೆ ಅಂಗಡಿಯ ಸ್ಟಿಕರ್ ಕೂಡ ಇತ್ತು. ಎಷ್ಟು ಶಿಸ್ತಿನ ಗಿಡ ನೋಡಿ, ಸ್ಟಿಕರ್ ಸಮೇತ ಕಾಯಿ ಬಿಡುತ್ತದೆ.

ನಮ್ಮ ಕಾಲದಲ್ಲಿ ಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಹುಟ್ಟಿ ಕಿವಿಯಲ್ಲಿ ಕೊಂಬೆ ಬರುತ್ತದೆ ಅಂತ ಹೆದರಿಸುತ್ತಿದ್ದರು. ಅದೂ ಸುಳ್ಳೇ. ಆದರೆ ಆ ಸುಳ್ಳಿಗೆ ಒಂದು ಮಾನ ಇತ್ತು. ಇಂಥ ದಿನವೇ ಹಣ್ಣು ಸಿಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ನಾಲ್ಕನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಮಾಲ್‌ಗೆ ಹೋಗಿ ಹೊರದೇಶದ ನೇವಲ್ ಕಿತ್ತಳೆ ಒಂದು ಕಿಲೋ ತಂದ. ಎಲ್ಲವನ್ನೂ ಕೊಯ್ದ. ಒಂದರಲ್ಲೂ ಬೀಜ ಇಲ್ಲ. 'ಡಿಫೆಕ್ಟಿವ್ ಪೀಸ್' ಅಂತ ಫೋಟೋ ತೆಗೆದು ದೂರು ಕೊಟ್ಟ. ಆ ತಳಿಗೆ ಬೀಜವೇ ಇರುವುದಿಲ್ಲ, ಬ್ರೆಜಿಲ್‌ನ ಬಾಹಿಯಾದಲ್ಲಿ ಹುಟ್ಟಿದಾಗಿನಿಂದ ಅದು ಕಸಿಯಲ್ಲೇ ಬದುಕಿದೆ, 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿಗೆ ಬಂದ ಒಂದು ಮರ ಇವತ್ತಿಗೂ ಬೇಲಿಯೊಳಗೆ ನಿಂತಿದೆ ಅಂತ ನಾನು ಹೇಳಿದೆ. 'ಹಾಗಾದ್ರೆ ಅದರ ಬೀಜ ತರಿಸಬಹುದಾ ಅಂಕಲ್?' ಅಂದ.

ನಾನೂ ಏನು ಕಡಿಮೆಯವನಲ್ಲ. 2024ರ ಜನವರಿಯಲ್ಲಿ ತಳ್ಳುಗಾಡಿಯಿಂದ ಎರಡು ಕಿಲೋ ತಂದೆ. ಗಾಡಿಯವನು 'ನಾಗಪುರ ಸಾರ್' ಅಂದ. ಸಿಪ್ಪೆ ಬಿಗಿ, ಬಣ್ಣ ಜಾಸ್ತಿ, ಒಂದೇ ಹಣ್ಣಿನಲ್ಲಿ 23 ಬೀಜ. ನಾಗಪುರವೂ ಅಲ್ಲ, ಕೊಡಗೂ ಅಲ್ಲ. ಅದು ಪಂಜಾಬಿನ ಕಡೆ ಬೆಳೆಯುವ ಕಿನ್ನೋ ಎಂಬ ಕಿತ್ತಳೆ ತಳಿ. ಇದರ ಜಾತಕ ಇನ್ನೂ ದೂರದ್ದು. 1915ರಲ್ಲಿ ಅದೇ ರಿವರ್‌ಸೈಡಿನಲ್ಲಿ ಕಿಂಗ್ ಮತ್ತು ವಿಲ್ಲೋಲೀಫ್ ಎಂಬ ಎರಡು ಕಿತ್ತಳೆಗಳಿಗೆ ಮದುವೆ ಮಾಡಿಸಿದರು. ಮಗುವನ್ನು 1935ರಲ್ಲಿ ಹೊರಗೆ ಬಿಟ್ಟರು. ಅಂದರೆ ಹೊಸ ತಳಿ ಅಂತ ಒಪ್ಪಿಕೊಳ್ಳಲು ವಿಜ್ಞಾನಿಗಳಿಗೇ 20 ವರ್ಷ ಬೇಕಾಯಿತು. ಪಾಪ, ಅವರ ಹತ್ತಿರ ಚಕ್ಕೆ ಪುಡಿ ಇರಲಿಲ್ಲವೇನೋ.

ಬೀಜ ಮೊಳೆಯಿತು. ಒಂದೇ ಬೀಜದಿಂದ ಮೂರು ಮೊಳಕೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 'ತ್ರಿವಳಿ' ಅಂತ ಅಭಿನಂದನೆ ಸುರಿಯಿತು. ಒಬ್ಬರು ನಾಮಕರಣಕ್ಕೆ ಹೆಸರು ಸೂಚಿಸಿದರು. 'ನಿಮ್ಮದೇ ಸ್ವಂತ ತಳಿ ಸಾರ್, ಪೇಟೆಂಟ್ ಮಾಡಿಸಿ' ಅಂದರು ಸೆಕ್ರೆಟರಿ. ನಿಜ ಹೇಳಬೇಕೆಂದರೆ ಕಿತ್ತಳೆ ಜಾತಿಯ ಬೀಜಗಳಲ್ಲಿ ಇದು ಮಾಮೂಲು. ಒಂದು ಮೊಳಕೆ ಪರಾಗದಿಂದ ಹುಟ್ಟಿದ್ದಿರಬಹುದು. ಉಳಿದವು ತಾಯಿಯ ಅಂಗಾಂಶದಿಂದಲೇ ಎದ್ದವು, ತಾಯಿಯ ಜೆರಾಕ್ಸ್ ಪ್ರತಿಗಳು. ಹೆಚ್ಚಿನ ಸಲ ಜೆರಾಕ್ಸೇ ಗೆಲ್ಲುತ್ತದೆ. ಹಾಗಾಗಿ ನಾನು ಸೃಷ್ಟಿಸಿದ ಸ್ವಂತ ತಳಿಯನ್ನು ಕ್ಯಾಲಿಫೋರ್ನಿಯಾದವರು 1935ರಲ್ಲೇ ಬಿಡುಗಡೆ ಮಾಡಿಯಾಗಿತ್ತು.

ಎರಡು ತಿಂಗಳಿಗೆ ನೀರಿನ ಬರ ಬಂತು. ಆ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರಿಗೆ ಸರದಿ ಶುರುವಾಯಿತು. ಗಿಡ ಬದುಕಲಿ ಅಂತ ನನ್ನ ಹೆಂಡತಿ ದಿನಕ್ಕೆ ಎರಡು ಸಲ ಅನ್ನ ಮಾಡಿದಳು. ನಾನು ಮೂರು ಕಿಲೋ ದಪ್ಪಗಾದೆ. ಗಿಡ ಮೂರು ಎಲೆ ಜಾಸ್ತಿ ಬಿಟ್ಟಿತು.

ಈ ಸಂಭ್ರಮವನ್ನೆಲ್ಲ ದೂರದಿಂದ ನೋಡುತ್ತಿದ್ದವನು ನಮ್ಮ ವಾಚ್‌ಮನ್. ಊರು ವಿಜಯಪುರದ ಇಂಡಿ ಕಡೆ. ಅಂದರೆ ನಿಂಬೆಯ ತವರು. ಒಂದು ದಿನ ತಡೆಯಲಾರದೆ ಕೇಳಿದ: 'ಸಾಹೇಬ್ರ, ಬೀಜಕ್ಕ ಹಾಸಿಗಿ ಯಾಕ್ರಿ? ನಮ್ಮ ಕಡಿ ನಿಂಬಿ ಬೀಜಾ ಹಸೀದು ಇದ್ದಾಗ್ಲೇ ಮಡಿಗೆ ಹಾಕ್ತೀವ್ರಿ, ಸಸಿ ಆಗ್ತಾವ. ಒಣಗಿಸಿದ್ರ ಹುಟ್ಟೂದಿಲ್ರಿ.' ಹಣ್ಣು ಯಾವಾಗ ಅಂದೆ. 'ನಿಂಬಿ ಆದ್ರ ನಾಕೈದು ವರ್ಷ ಬೇಕ್ರಿ. ಕಿತ್ತಳಿ ನಮಗ್ಗೊತ್ತಿಲ್ಲ.' ಅವನು ಸಂಪಿನ ಪಕ್ಕ, ಕಾಂಪೌಂಡಿನ ಮೂಲೆಯಲ್ಲಿ, ಶರಬತ್ತಿಗೆ ಹಿಂಡಿ ಎಸೆದ ಬೀಜದಿಂದಲೇ ಒಂದು ನಿಂಬೆ ಗಿಡ ಎಬ್ಬಿಸಿದ್ದ. ಎದೆಮಟ್ಟ ಬಂದಿತ್ತು. ಕಮಿಟಿಯವರು ಅದನ್ನು 'ಅನುಮತಿ ಪಡೆಯದ ಗಿಡ' ಅಂತ ಕಿತ್ತು, ಅದೇ ಜಾಗದಲ್ಲಿ 'ಹಸಿರೇ ಉಸಿರು' ಫಲಕ ನೆಟ್ಟರು. ಫಲಕಕ್ಕೆ ನೀರು ಬೇಡ, ಅದೊಂದು ಅನುಕೂಲ.

ಕಿತ್ತಳೆ ವಿಷಯ ಗೊತ್ತಿರುವವರು ಸಕಲೇಶಪುರದ ನನ್ನ ಸೋದರಮಾವ. ಅವರ ಕಾಫಿ ತೋಟದಲ್ಲಿ ಹಿಂದೆ ಕೊಡಗಿನ ಕಿತ್ತಳೆ ಮರಗಳಿದ್ದವು. ಎಲ್ಲ ಬೀಜದಿಂದಲೇ ಬಂದವು. ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳಲ್ಲಿ ಹಳಬರು ಹಾಗೇ ಬೆಳೆಸಿದ್ದು. ಆಮೇಲೆ ಹಸಿರು ರೋಗ ಬಂತು, ಮರಗಳು ಮೇಲಿನಿಂದ ಒಣಗುತ್ತಾ ಬಂದವು. ಆ ಜಾಗಕ್ಕೆ ಮೆಣಸಿನ ಬಳ್ಳಿ ಬಂತು. ಫೋನಿನಲ್ಲಿ ನನ್ನ ಗಿಡದ ವರದಿ ಒಪ್ಪಿಸಿದೆ.

'ಎಷ್ಟು ದಿನದಲ್ಲಿ ಹಣ್ಣು ಅಂದೆ?'

'90 ದಿನ ಮಾವ.'

ಅವರು ಒಂದು ನಿಮಿಷ ಸುಮ್ಮನಿದ್ದರು. ಲೈನ್ ಕಟ್ಟಾಯಿತು ಅಂದುಕೊಂಡೆ. 'ನಮ್ಮ ಅಪ್ಪ ಹಾಕಿದ ಮರದ ಹಣ್ಣನ್ನ ನಾನು ಹೈಸ್ಕೂಲಿಗೆ ಹೋಗೋ ಹೊತ್ತಿಗೆ ತಿಂದೆ ಕಣೋ. ಹಾಕಿದಾಗ ನಾನು ತೊಟ್ಟಿಲಲ್ಲಿದ್ದೆ' ಅಂದರು. ಬೀಜದ ಗಿಡ ಮೊದಲು ಮುಳ್ಳು ಬಿಡುತ್ತದೆ, ವರ್ಷಗಟ್ಟಲೆ ಬರೀ ಮುಳ್ಳೇ ಬಿಡುತ್ತದೆ, ಪ್ರಾಯಕ್ಕೆ ಬಂದ ಮೇಲೆಯೇ ಹೂವು. ಕುಂಡದಲ್ಲಾದರೆ ಇನ್ನೂ ತಡ. ಬೇಗ ಬೇಕಿದ್ದರೆ ಜಂಬೇರಿ ಅನ್ನೋ ಒರಟು ನಿಂಬೆಯ ಬೇರಿನ ಮೇಲೆ ಕಣ್ಣು ಕಸಿ ಮಾಡಿದ ಗಿಡ ತಗೋ, ಮೂರು ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದೆ ಅಂದರು. ಲಾಲ್‌ಬಾಗಿನ ನರ್ಸರಿಗೆ ಹೋಗಿ ಬರುವುದಕ್ಕೆ ಅರ್ಧ ದಿನ ಸಾಕು. ಆದರೆ ಅದನ್ನು ರೀಲು ಮಾಡಲು ಆಗುವುದಿಲ್ಲವಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ಬಹಳ ಉದಾರವಾಗಿ, 8 ವರ್ಷ ಅಂತಿಟ್ಟುಕೊಂಡೆ. 96 ತಿಂಗಳು. ಬೆಂಗಳೂರಿನಲ್ಲಿ ಬಾಡಿಗೆ ಕರಾರು 11 ತಿಂಗಳಿನದು. ಮೊದಲ ಹಣ್ಣು ತಿನ್ನಲು ನನಗೆ ಒಂಬತ್ತು ಕರಾರು ಬೇಕು. ಪ್ರತಿ ಕರಾರಿಗೆ ಶೇ. 5 ಏರಿಕೆ ಹಿಡಿದರೂ, ಇವತ್ತಿನ 25,000 ರೂಪಾಯಿ ಬಾಡಿಗೆ ಒಂಬತ್ತನೇ ಕರಾರಿನ ಹೊತ್ತಿಗೆ 36,900 ದಾಟಿರುತ್ತದೆ. ಹಣ್ಣಿಗಿಂತ ಮೊದಲು ಹಣ್ಣಾಗುವವನು ನಾನೇ.

ಮಧ್ಯೆ ಹುಳ ಬಂತು. ಹಕ್ಕಿ ಪಿಕ್ಕೆಯ ಹಾಗೆ ಕಾಣುವ ಮರಿಹುಳ, ಬೆಳೆಯುತ್ತಾ ಹಸಿರಾಯಿತು. ಮುಟ್ಟಿದರೆ ತಲೆಯಿಂದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಒಂದೇ ವಾರದಲ್ಲಿ ಎಲೆಯೆಲ್ಲ ಖಾಲಿ. ಆಮೇಲೆ ನಿಂಬೆ ಚಿಟ್ಟೆಯಾಗಿ ಹಾರಿಹೋಯಿತು. 40 ದಿನವೂ ಆಗಿರಲಿಲ್ಲ. ರೀಲಿನ ವೇಗದಲ್ಲಿ ಏನಾದರೂ ಬೆಳೆದದ್ದು ಅದೊಂದೇ.

ಬಾಡಿಗೆ ಗೋಳೇ ಬೇಡ ಅಂತ ಒಂದು ಭಾನುವಾರ ದೇವನಹಳ್ಳಿ ಕಡೆ ಸೈಟು ನೋಡಲು ಹೋದೆವು. ದೇವನಹಳ್ಳಿ ಚಕ್ಕೋತ ಗೊತ್ತಲ್ವಾ? ಮಗುವಿನ ತಲೆಯಷ್ಟು ದಪ್ಪ, ಒಳಗೆ ಕೆಂಪು ತೊಳೆ, ಊರಿನ ಹೆಸರಿಗೇ ಸಿಗುವ ಜಿಐ ಮುದ್ರೆ ಬೇರೆ ಇದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಹಣ್ಣಿಗೆ ಮುದ್ರೆ ಬಿತ್ತು, ನೆಲಕ್ಕೆ ಸೈಟ್ ನಂಬರ್ ಬಿತ್ತು. ನಾವು ಹೋದ ಲೇಔಟಿನ ಹೆಸರಿನಲ್ಲೂ ಚಕ್ಕೋತದ ಇಂಗ್ಲಿಷ್ ಹೆಸರಿತ್ತು. ಕಮಾನಿನ ಮೇಲೆ ಸಿಮೆಂಟಿನ ಚಕ್ಕೋತ, ಹಳದಿ ಬಣ್ಣ ಬಳಿದದ್ದು. ನಿಜವಾದದ್ದು ಒಂದೂ ಕಾಣಲಿಲ್ಲ.

'ಮರ ಎಲ್ಲಿ?' ಅಂದೆ.

'ಇಲ್ಲೇ ಇದ್ವು ಸಾರ್. ಕ್ಲಿಯರ್ ಟೈಟಲ್ ಕೊಡ್ಬೇಕಲ್ವಾ, ಕ್ಲಿಯರ್ ಮಾಡಿದ್ವಿ' ಅಂದ ಮಾರಾಟದ ಹುಡುಗ. 'ಆದ್ರೆ ನಾವು ಪರಿಸರ ಪ್ರೇಮಿಗಳು ಸಾರ್. ಪ್ರತಿ ಸೈಟಿಗೂ ಒಂದು ಚಕ್ಕೋತ ಸಸಿ ಫ್ರೀ. ನಾವೇ ಬೀಜ ಹಾಕಿ ಮಾಡಿದ್ದು.'

ಚಕ್ಕೋತದ ಬೀಜ ಕಿತ್ತಳೆಯ ಹಾಗಲ್ಲ. ಒಂದು ಬೀಜಕ್ಕೆ ಒಂದೇ ಮೊಳಕೆ, ಅದೂ ಬೆರಕೆ. ತಾಯಿಯ ಗುಣ ಬಂದರೆ ಬಂತು, ಇಲ್ಲದಿದ್ದರೆ ಹುಳಿಯೋ ಕಹಿಯೋ. ಅದನ್ನು ತಿಳಿಯುವುದಕ್ಕೇ ಎಂಟು ಹತ್ತು ವರ್ಷ ಕಾಯಬೇಕು. ಇದನ್ನು ಹೇಳಿದೆ. ಹುಡುಗ ಧೈರ್ಯ ತುಂಬಿದ: 'ಟೆನ್ಷನ್ ತಗೋಬೇಡಿ ಸಾರ್. ಎಂಟು ವರ್ಷಕ್ಕೆ ಯಾರೂ ಇಟ್ಕೊಳ್ಳಲ್ಲ, ಎರಡೇ ವರ್ಷಕ್ಕೆ ಡಬಲ್ ರೇಟಿಗೆ ಮಾರ್ತಾರೆ.'

ಮನೆಗೆ ಬಂದಾಗ ಓನರ್ ಮೆಸೇಜ್ ಕಾದಿತ್ತು. ಮಗಳ ಮದುವೆ, ಮನೆ ಬೇಕು, ತಿಂಗಳೊಳಗೆ ಖಾಲಿ ಮಾಡಿ ಅಂತ. ಅದು ಎರಡನೇ ಕರಾರಿನ ಕೊನೆಯ ತಿಂಗಳು. ಅಷ್ಟರಲ್ಲಿ ಗಿಡ ನನ್ನ ಸೊಂಟದಷ್ಟಾಗಿತ್ತು. ಮಾವ ಹೇಳಿದ ಹಾಗೇ ಮೈತುಂಬಾ ಮುಳ್ಳು, ಬೆರಳುದ್ದದ್ದು.

ಸಾಮಾನು ಸಾಗಿಸುವ ಟೆಂಪೋದಲ್ಲಿ ಕುಂಡ ಎತ್ತಿಡುವಾಗ ಹುಡುಗನ ಕೈಗೆ ಚುಚ್ಚಿತು. ರಕ್ತ ಒರೆಸಿಕೊಳ್ಳುತ್ತಾ ಕೇಳಿದ, 'ಏನ್ ಗಿಡ ಸಾರ್ ಇದು?'

'ಕಿತ್ತಳೆ.'

'ಹಣ್ಣು ಬಿಡುತ್ತಾ?'

'ಬಿಡುತ್ತಪ್ಪಾ. ಇನ್ನು ಏಳು ಮನೆ ಬದಲಾಯಿಸಬೇಕು' ಅಂದೆ. ಅವನು ತನ್ನ ವಿಸಿಟಿಂಗ್ ಕಾರ್ಡ್ ಕೊಟ್ಟ.